ನಿಂತ ಪೆಟ್ಟಿಗೆಯ ಕಲೆ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹದಿನೇಳು ತುಂಬಿದ ಹುಡುಗಿಯನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಬಿದ್ದಮ್ಮ ಅಂತಲೇ ಕರೆಯುತ್ತಿದ್ದರು. ಐದು ವರ್ಷದವಳಿದ್ದಾಗ ದೊಡ್ಡಪ್ಪನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆಯ ಮೇಲೆ ಬಿದ್ದಳಂತೆ, ಅದಕ್ಕೇ ಬಿದ್ದಮ್ಮ. ಹೆಸರಿಟ್ಟವನು ದೊಡ್ಡಪ್ಪನೇ. ಮೈ ಸುಟ್ಟುಕೊಂಡ ಮಗುವಿಗೆ ಇಂಥ ಹೆಸರಿಡುತ್ತಾರೇನಯ್ಯಾ ಅಂತ ಕೇಳುವ ಒಂದು ಬಾಯಿ ಆ ಬೀದಿಯಲ್ಲಿ ಇರಲಿಲ್ಲ. ಇದ್ದ ಬಾಯಿಗಳೆಲ್ಲ ನಗುವುದರಲ್ಲಿ ಮುಳುಗಿದ್ದವು.

ನಗಿಸುವುದರಲ್ಲಿ ದೊಡ್ಡಪ್ಪನದು ಎತ್ತಿದ ಕೈ. ಗಿರಾಕಿ ಬಟ್ಟೆಗಂಟು ಇಳಿಸಿ ಉಸಿರು ಬಿಡುವಷ್ಟರಲ್ಲಿ ಕಥೆ ಶುರುವಾಗುತ್ತಿತ್ತು. "ಇವಳ ಕಾಲಲ್ಲಿ ಚಕ್ರ ಕಣ್ರೀ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಬೇಡ ಪುಟ್ಟಾ, ಬೇಡ ಪುಟ್ಟಾ ಅಂತ ಬಡ್ಕೊಂಡೆ. ಓಡಿ ಬಂದ್ಲು, ಬುಟ್ಟಿಗೆ ಎಡವಿದ್ಲು, ಬುಗುರಿ ಥರ ಒಂದು ಸುತ್ತು ಹೊಡೆದ್ಲು, ದಬಕ್ಕಂತ ಅಂಗಾತ ಬಿದ್ಲು!" ಬುಗುರಿ ಅನ್ನುವಾಗ ಆ ದಪ್ಪ ದೇಹ ಗಲ್ಲಾಪೆಟ್ಟಿಗೆಯ ಹಿಂದೆ ತಾನೂ ಒಂದು ಸುತ್ತು ತಿರುಗುತ್ತಿತ್ತು. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಳಗೆ ಇಸ್ತ್ರಿ ಮೇಜಿನ ಮುಂದೆ ನಿಂತ ಬಿದ್ದಮ್ಮನೂ ನಗುತ್ತಿದ್ದಳು. ನಗದಿದ್ದರೆ "ಏನಮ್ಮಾ, ಮುಖ ಯಾಕೆ ಗಂಟು?" ಅಂತ ದೊಡ್ಡಪ್ಪ ಎಲ್ಲರೆದುರು ಕೇಳಿಬಿಡುತ್ತಿದ್ದ.

ಅಪ್ಪ ತೀರಿಹೋದ ಮೇಲೆ ತಾಯಿ ಮಗಳಿಬ್ಬರನ್ನೂ ಅಂಗಡಿಯ ಮೇಲಿನ ಮನೆಗೆ ಕರೆದುಕೊಂಡು ಬಂದವನು ಅವನು. ದೊಡ್ಡಮ್ಮ ಅಷ್ಟರಲ್ಲಾಗಲೇ ತೀರಿಕೊಂಡಿದ್ದಳು. ತಮ್ಮನ ಸಂಸಾರಕ್ಕೆ ನೆರಳಾದ ದೊಡ್ಡ ಮನುಷ್ಯ ಅಂತ ಬೀದಿ ಅವನನ್ನು ಹೊಗಳುತ್ತಿತ್ತು. ಆ ನೆರಳಿನಲ್ಲಿ ಅಮ್ಮ ಬೆಳಗಿನಿಂದ ಸಂಜೆಯವರೆಗೆ ಒಗೆಯುವ ಯಂತ್ರಗಳ ಮುಂದೆ ಬಗ್ಗುತ್ತಿದ್ದಳು, ಒದ್ದೆ ಬಟ್ಟೆ ಹೊತ್ತು ತಾರಸಿ ಹತ್ತುತ್ತಿದ್ದಳು. ಬಿದ್ದಮ್ಮ ಶಾಲೆ ಮುಗಿಸಿದವಳೇ ಇಸ್ತ್ರಿಗೆ ನಿಂತಳು. ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ ಅಂತ ಜನ ಹೇಳುತ್ತಿದ್ದರು. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು ಅಂತ ಆ ಮನೆಯ ಮೆಟ್ಟಿಲನ್ನು ಕೇಳಬೇಕಿತ್ತು.

ಬಿದ್ದದ್ದು ಅವಳಿಗೆ ನೆನಪಿತ್ತು. ಕಣ್ಣು ಮುಚ್ಚಿದರೆ ಸಾಕು, ಚಿತ್ರ ಓಡುತ್ತಿತ್ತು: ಕೆಂಪು ಫ್ರಾಕು, ಬುಟ್ಟಿ, ಎಡವುವ ಕಾಲು, ಗಿರ್ರನೆ ತಿರುಗುವ ಜಡೆ. ಆ ಚಿತ್ರದಲ್ಲಿ ಒಂದು ವಿಚಿತ್ರ ಇತ್ತು, ಅದು ಮಾತ್ರ ಅಷ್ಟು ವರ್ಷ ಅವಳಿಗೆ ಹೊಳೆದಿರಲಿಲ್ಲ. ಓಡುವ ಹುಡುಗಿಯ ಬೆನ್ನು ಅವಳಿಗೆ ಕಾಣುತ್ತಿತ್ತು. ತನ್ನ ಬೆನ್ನನ್ನು ತಾನೇ ನೋಡಿದ ನೆನಪು ಯಾರಿಗಾದರೂ ಇರಲು ಸಾಧ್ಯವೇ? ಎತ್ತರದ ಮನುಷ್ಯನೊಬ್ಬ ನಿಂತು ನೋಡಿದಂತೆ ಎಲ್ಲವೂ ಮೇಲಿನಿಂದ ಕಾಣುತ್ತಿತ್ತು. ಅದರಲ್ಲಿ ನೋವಿರಲಿಲ್ಲ, ಬಿಸಿಯಿರಲಿಲ್ಲ, ವಾಸನೆಯಿರಲಿಲ್ಲ. ಕಿವಿಯಿಂದ ಒಳಗೆ ಹೋದ ನೆನಪಿಗೆ ಅವೆಲ್ಲ ಎಲ್ಲಿಂದ ಬರಬೇಕು?

ಮೈಗೆ ಮಾತ್ರ ಬೇರೆಯದೇ ಏನೋ ನೆನಪಿತ್ತು. ಹಗಲು ಹೊತ್ತಿನಲ್ಲಿ ಯಾವುದಾದರೂ ಅಂಗಡಿಯ ಶಟರ್ ಗರಗರ ಇಳಿದರೆ ಅವಳ ಮೊಣಕಾಲ ಕೆಳಗೆ ಜೀವವೇ ಇರುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚುವಾಗಿನ ಅದೇ ಸದ್ದು ಏನೂ ಮಾಡುತ್ತಿರಲಿಲ್ಲ. ಹಗಲಲ್ಲಿ ಮಾತ್ರ ಹೀಗೆ. ಪುಕ್ಕಲಿ ನಾನು ಅಂತ ತನ್ನನ್ನೇ ಬೈದುಕೊಂಡು ಅವಳು ಕೆಲಸಕ್ಕೆ ತಿರುಗುತ್ತಿದ್ದಳು.

ದೊಡ್ಡಪ್ಪನಿಗೆ ಒಬ್ಬಳೇ ಮಗಳು. ಬಿದ್ದಮ್ಮನಿಗೆ ಅಕ್ಕ. ಬೇರೆ ಊರಿನ ಆಸ್ಪತ್ರೆಯಲ್ಲಿ ದಾದಿ. ಗಂಡನಿಂದ ಬೇರೆಯಾದವಳು ಹೊಸ ಮನೆ ಸಿಗುವವರೆಗೆ ಅಂತ ನಾಲ್ಕು ವರ್ಷದ ಮಗಳನ್ನು ತಂದು ಬಿಟ್ಟುಹೋದಳು. ಬಾಗಿಲಲ್ಲಿ ನಿಂತು ಒಂದು ಗಳಿಗೆ ಯೋಚಿಸಿದಳು, ಮಗುವಿನ ಕೈಯನ್ನು ಬಿದ್ದಮ್ಮನ ಕೈಗೆ ಕೊಟ್ಟಳು, ಅಪ್ಪನ ಕಡೆ ನೋಡದೆ ಹೊರಟಳು. ಮಗು ಕಾದ ಎಣ್ಣೆಗೆ ಬಿದ್ದ ಹಾಗೆ ಚಟಪಟ ಸಿಡಿಯುತ್ತಿದ್ದರಿಂದ ಎರಡೇ ದಿನದಲ್ಲಿ ಸಾಸಿವೆ ಅನ್ನಿಸಿಕೊಂಡಿತು. ಬಿದ್ದಮ್ಮ ಅನ್ನಲು ಬಾರದೆ ಅದು "ಬಿದ್ದಕ್ಕಾ" ಅನ್ನುತ್ತಿತ್ತು. ಗುಂಡಿ ಕಂಡರೆ ಕೀಳಬೇಕು, ಬಾಟಲಿ ಕಂಡರೆ ಮುಚ್ಚಳ ತೆಗೆಯಬೇಕು, ಮಡಿಸಿಟ್ಟ ಬಟ್ಟೆ ಕಂಡರೆ ಮೇಲೆ ಹತ್ತಬೇಕು.

ಒಂದು ಮಧ್ಯಾಹ್ನ ಎದುರಿನ ಔಷಧಿ ಅಂಗಡಿಯಾಕೆ ತನ್ನ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದಿದ್ದಳು.

"ಏನ್ರೀ ಯಜಮಾನ್ರೇ, ಮೊಮ್ಮಗಳು ಬಂದ್ಮೇಲೆ ತಲೆ ಇನ್ನೂ ಹೊಳೀತಿದೆ?"

"ಇದ್ದದ್ದೇ ನಾಕು ಕೂದ್ಲು ಕಣಮ್ಮಾ. ಮೂರು ಕಿತ್ತಿದಾಳೆ. ಒಂದನ್ನ ನಾಳೆಗೆ ಅಂತ ಬಿಟ್ಟಿದಾಳೆ."

"ನನ್ನ ಹತ್ರ ಎಣ್ಣೆ ಇದೆ, ಕೊಡ್ಲಾ?"

"ನಿನ್ನ ಎಣ್ಣೆ ಹಚ್ಚಿದ ನಿನ್ನ ಗಂಡನ ತಲೆ ನೋಡಿದೀನಿ. ಬೇಡ." ಇಬ್ಬರೂ ನಕ್ಕರು. ಆಮೇಲೆ ದೊಡ್ಡಪ್ಪನ ದನಿ ಕಥೆಯ ದನಿಯಾಯಿತು. "ಇವಳ ಕಾಲಲ್ಲಿ ಚಕ್ರ ಕಣಮ್ಮಾ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಬೇಡ ಪುಟ್ಟಾ, ಬೇಡ ಪುಟ್ಟಾ ಅಂತ ಬಡ್ಕೋತಾನೇ ಇರ್ತೀನಿ. ಒಂದಿನ ಆ ಪೆಟ್ಟಿಗೆ ಮೇಲೆ ಬೀಳ್ತಾಳೆ, ನೋಡ್ತಾ ಇರು."

"ಸರಿಹೋಯ್ತು! ಇನ್ನೊಬ್ಬಳು ಬಿದ್ದಮ್ಮ!"

ಒಳಗಿದ್ದ ಬಿದ್ದಮ್ಮನ ಕೈ ನಿಂತಿತು.

ಕಥೆ ಅದೇ. ಮಾತೂ ಹೆಚ್ಚುಕಮ್ಮಿ ಅದೇ. ಆದರೆ ಮಗು ಇನ್ನೂ ಬಿದ್ದಿಲ್ಲವಲ್ಲ? ಬಾಗಿಲ ಬಳಿ ಕೂತು ಒಂದು ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳಲೋ ಬೇಡವೋ ಅಂತ ಯೋಚಿಸುತ್ತಿದೆ. ಅದರ ಮೈಮೇಲೆ ಒಂದು ಗೀರೂ ಇಲ್ಲ. ಹಾಗಾದರೆ ಇಲ್ಲಿ ಕಥೆ ಮೊದಲು ಬರುತ್ತದೆ. ಬೀಳುವುದು ಆಮೇಲೆ. ಬೀದಿಯ ಕಿವಿ ಮೊದಲು ಹದವಾಗಬೇಕು, ನಾಳೆ ಮಗು ಚೀರಿದಾಗ ಎಲ್ಲರೂ "ಅಯ್ಯೋ, ಅವರು ಹೇಳ್ತಾನೇ ಇದ್ರು" ಅನ್ನಬೇಕು. ತಾನು ಐದು ವರ್ಷದವಳಿದ್ದಾಗಲೂ ಈ ಮಾತು ಹೀಗೇ, ತಾನು ಬೀಳುವ ಮೊದಲೇ, ಈ ಬೀದಿಯಲ್ಲಿ ಓಡಾಡಿತ್ತೇ?

ಸುಟ್ಟ ವಾಸನೆ ಮೂಗಿಗೆ ಬಡಿದಾಗ ಅವಳು ಬೆಚ್ಚಿ ಪೆಟ್ಟಿಗೆ ಎತ್ತಿದಳು. ಗಿರಾಕಿಯ ಬಿಳಿ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಕಲೆ. ಇಸ್ತ್ರಿ ಮಾಡುವವರು ಎಂದೂ ಮಾಡಬಾರದ ತಪ್ಪು ಅದು: ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ನಿಲ್ಲಿಸುವುದು.

ಔಷಧಿ ಅಂಗಡಿಯಾಕೆ ಹೋದಳು. ದೊಡ್ಡಪ್ಪ ಒಳಗೆ ಬಂದ.

"ಜಾರ್ತು ದೊಡ್ಡಪ್ಪಾ."

"ಜಾರ್ತಾ?" ಅವನು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೈಯಲಿಲ್ಲ. ದನಿ ಮೆತ್ತಗಿತ್ತು, ಅವನ ದನಿ ಮೆತ್ತಗಾದಾಗಲೇ ಮನೆಯವರ ನಾಲಗೆ ಒಣಗುತ್ತಿದ್ದದ್ದು. "ಯಾರಿಗೆ ಹೇಳ್ತೀಯ ಜಾರಿದ ಕಥೆ? ಜಾರಿದ ಪೆಟ್ಟಿಗೆ ಕಲೆಗೆ ಬಾಲ ಇರುತ್ತೆ. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಇದನ್ನ ನೋಡು. ಸುತ್ತ ಗೆರೆ ಎಳೆದ ಹಾಗೆ ಅಂಚು. ಹಬೆ ಬರೋ ತೂತುಗಳಿದ್ದ ಕಡೆ ಸುಡದೆ ಉಳಿದ ಚುಕ್ಕಿ, ಒಂದೊಂದೂ ನಿಚ್ಚಳ. ಇದು ಜಾರಿದ್ದಲ್ಲ. ಪೆಟ್ಟಿಗೆ ಇಟ್ಟು, ಅಲ್ಲಾಡದ ಹಾಗೆ ಹಿಡ್ಕೊಂಡಿದೀ..."

ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ಅಂಗಿಯಿಂದ ಎದ್ದು ಅವಳ ಎಡ ಭುಜದ ಮೇಲೆ ಹೋಗಿ ಕೂತಿತು. ಆಮೇಲೆ ಅವನು ನಕ್ಕ, ಅಂಗಿಯನ್ನು ಉಂಡೆ ಮಾಡಿ ಕಂಕುಳಲ್ಲಿಟ್ಟುಕೊಂಡ.

"ಮುಂದೆ ಜೋಪಾನ ಪುಟ್ಟಾ" ಅಂದ.

ಆ ಸಂಜೆ ಬಚ್ಚಲ ಬಾಗಿಲು ಹಾಕಿಕೊಂಡು ಅವಳು ಬಲಗೈಯನ್ನು ಭುಜದ ಹಿಂದಕ್ಕೆ ಹಾಕಿ ಬೆರಳಾಡಿಸಿದಳು. ಕೈಗನ್ನಡಿಯನ್ನು ಗೋಡೆಗನ್ನಡಿಗೆ ಎದುರು ಹಿಡಿದಳು. ಬೆನ್ನಿನ ಆ ಜಾಗವನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡಬೇಡ, ನೋಡಿದರೆ ಬೇಜಾರು ಅಂತ ಅಮ್ಮ ಹೇಳುತ್ತ ಬಂದಿದ್ದಳು. ಸುಕ್ಕುಗಟ್ಟಿದ ಚರ್ಮ ಮೈಯ ಜೊತೆ ಬೆಳೆದು ಹಿಗ್ಗಿತ್ತು, ಆದರೂ ಅಂಚು ಅಂಚೇ. ನಡುವೆ ಸಾಲಾಗಿ ನುಣುಪಾದ ಚುಕ್ಕಿಗಳು. ಬಾಲ ಇರಲಿಲ್ಲ. ಬಿಸಿ ತಾಗಿದರೆ ನಿದ್ದೆಯಲ್ಲಿರುವ ಮಗುವೂ ಮೈ ಎಳೆದುಕೊಳ್ಳುತ್ತದೆ. ಬಿದ್ದ ಮಗು ಹೊರಳುತ್ತದೆ, ಒದ್ದಾಡುತ್ತದೆ. ಹೊರಳದ ಹಾಗೆ ಅದನ್ನು ಏನೋ ಹಿಡಿದಿತ್ತು. ಆಸ್ಪತ್ರೆಯಲ್ಲಿ ಓದಿಕೊಂಡವರು ಇದನ್ನು ನೋಡಿದ್ದರು, ಮುಲಾಮು ಹಚ್ಚಿದ್ದರು, ಕಳಿಸಿದ್ದರು. ನೋಡುವುದೂ ಕಾಣುವುದೂ ಬೇರೆ ಬೇರೆ.

ಮರುದಿನ ತಾರಸಿಯ ಮೇಲೆ ತಾಯಿ ಮಗಳು ಹಾಸಿಗೆ ಹೊದಿಕೆಗಳನ್ನು ಮಡಿಸುತ್ತಿದ್ದರು. ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. ಜಗ್ಗಿ ಸುಕ್ಕು ಬಿಡಿಸುವುದು, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸುವುದು, ಮತ್ತೆ ದೂರ ಹೋಗುವುದು.

"ಅಮ್ಮಾ, ನಾನು ಹೇಗೆ ಬಿದ್ದೆ?"

"ಮತ್ತೆ ಅದೇ ಮಾತಾ? ಓಡ್ತಾ ಇದ್ದೆ, ಬಿದ್ದೆ."

"ನೀನು ನೋಡಿದ್ಯಾ?"

ಅಮ್ಮ ಹೊದಿಕೆಯನ್ನು ಜೋರಾಗಿ ಜಗ್ಗಿದಳು. "ನಾನು ಮೇಲಿದ್ದೆ. ಬಟ್ಟೆ ಹಾಕ್ತಾ ಇದ್ದೆ."

ಹತ್ತಿರ ಬಂದಾಗ ಬಿದ್ದಮ್ಮ ಅಮ್ಮನ ಬೆರಳಿನ ಜೊತೆ ಬಟ್ಟೆಯನ್ನೂ ಹಿಡಿದುಕೊಂಡಳು. ಬಿಡಲಿಲ್ಲ. "ಕೆಳಗೆ ಬಂದಾಗ ಏನು ನೋಡ್ದೆ ಅಂತ ಹೇಳು. ನನ್ನ ಮೈ ಮೇಲಿರೋದನ್ನ ನಾನೇ ಓದ್ಕೊಂಡೆ. ನೀನು ಬಾಯಲ್ಲಿ ಹೇಳು."

ಅಮ್ಮನ ಮಾತು ತುಂಡು ತುಂಡಾಗಿ ಬಂತು. "ಹಗಲಲ್ಲೇ ಶಟರ್ ಇಳಿಸಿದ ಸದ್ದು ಕೇಳಿಸ್ತು. ಯಾಕಪ್ಪಾ ಅಂದ್ಕೊಂಡೆ. ಆಮೇಲೆ ನಿನ್ನ ದನಿ. ಒಳಗಿನ ಮೆಟ್ಟಿಲಿಳಿದು ಓಡಿ ಬಂದೆ. ನೀನು ಇಸ್ತ್ರಿಯಾದ ಬಟ್ಟೆ ಮೇಲೆ ಉಚ್ಚೆ ಮಾಡ್ಕೊಂಡಿದ್ದೆ. ಅವರ ಮೊಣಕಾಲು ನಿನ್ನ ಮೇಲಿತ್ತು. ಪೆಟ್ಟಿಗೆ ಅವರ ಕೈಯಲ್ಲಿತ್ತು."

"ಆಮೇಲೆ?"

"ಆಸ್ಪತ್ರೇಲಿ ಏನಾಯ್ತು ಅಂತ ಕೇಳಿದ್ರು. ಪಕ್ಕದಲ್ಲೇ ನಿಂತಿದ್ದ ನಿನ್ನ ದೊಡ್ಡಪ್ಪ ನನ್ನ ಮುಖ ನೋಡಿದ್ರು. ಬಿದ್ಲು ಅಂದೆ." ಅಮ್ಮ ಕಣ್ಣೆತ್ತಲಿಲ್ಲ. "ಮೊದಲು ಹೇಳಿದ್ದು ನಾನೇ. ಎಲ್ಲಿಗೆ ಹೋಗ್ಬೇಕಿತ್ತು ಹೇಳು ನಿನ್ನ ಕಟ್ಕೊಂಡು? ಯಾರ ಮನೆ ಬಾಗಿಲು ತಟ್ಬೇಕಿತ್ತು?"

ಬಿದ್ದಮ್ಮನಿಗೆ ಅಳು ಬರಲಿಲ್ಲ. "ಸಾಸಿವೆಗೂ ಅದೇ ಆಗುತ್ತೆ ಅಮ್ಮಾ. ಕಥೆ ಶುರು ಮಾಡಿದಾರೆ."

"ಹುಚ್ಚಿ! ಅವಳು ಅವರ ಸ್ವಂತ ಮೊಮ್ಮಗಳು. ನಾವು ಹೊರಗಿನವರು, ನಮ್ಮ ಮೇಲೆ ಕೈ ಎತ್ತಿದ್ರು. ತಮ್ಮ ರಕ್ತಕ್ಕೆ ಯಾರಾದ್ರೂ ಹಾಗೆ ಮಾಡ್ತಾರಾ?" ಅಮ್ಮ ಹೊದಿಕೆಯನ್ನು ಕಿತ್ತುಕೊಂಡು ಒಬ್ಬಳೇ ಮಡಿಸತೊಡಗಿದಳು. "ಬಾಯಿಗೆ ಬೀಗ ಹಾಕ್ಕೊಂಡಿರು. ಅಕ್ಕ ಬರ್ತಾಳೆ, ಮಗೂನ ಕರ್ಕೊಂಡು ಹೋಗ್ತಾಳೆ."

ಅಂದಿನಿಂದ ಬಿದ್ದಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಮಗುವನ್ನು ಇಸ್ತ್ರಿ ಮೇಜಿನ ಕೆಳಗೆ ತನ್ನ ಕಾಲ ಬಳಿಯೇ ಕೂರಿಸಿಕೊಂಡಳು. ಬಚ್ಚಲಿಗೆ ಹೋದರೂ ಎತ್ತಿಕೊಂಡು ಹೋದಳು. ದೊಡ್ಡಪ್ಪ ಎಲ್ಲವನ್ನೂ ನೋಡುತ್ತಿದ್ದ. "ಬಾಲ ಅಂಟ್ಕೊಂಡಿದೆ ನಮ್ಮ ಬಿದ್ದಮ್ಮಂಗೆ" ಅಂತ ಗಿರಾಕಿಗಳಿಗೆ ಹೇಳಿ ನಗಿಸಿದ. ಬಟ್ಟೆ ತಲುಪಿಸಲು ಅವಳನ್ನೇ ಕಳಿಸತೊಡಗಿದ; ಒಂದು ಸಲ ಇಲ್ಲಿಗೆ, ಇನ್ನೊಂದು ಸಲ ಅಲ್ಲಿಗೆ. ಮಗುವನ್ನೂ ಕರ್ಕೊಂಡು ಹೋಗ್ತೀನಿ ಅಂದರೆ, "ಬಿಸಿಲಲ್ಲಿ ಮಗೂನ ಯಾಕಮ್ಮಾ ಒಣಗಿಸ್ತೀಯ? ತಾತ ಇಲ್ವಾ?" ತಾತ ಇದ್ದದ್ದೇ ಭಯ ಅಂತ ಹೇಳುವುದು ಹೇಗೆ? ಅವಳು ಗಂಟು ಹೊತ್ತು ಓಡುತ್ತಿದ್ದಳು, ಓಡಿ ಬರುತ್ತಿದ್ದಳು. ಬೀದಿಯ ಜನ ನೋಡಿ, "ಬಿದ್ದೀಯ ಕಣೇ, ನಿಧಾನ!" ಅಂತ ಕೂಗುತ್ತಿದ್ದರು.

ಹೋಟೆಲಿನಿಂದ ಬಿಳಿ ಹೊದಿಕೆಗಳ ದೊಡ್ಡ ಮೂಟೆ ಬಂದಿದ್ದ ದಿನ. ಬಟ್ಟೆಯ ಮೂಲೆಯಲ್ಲಿ ಗಿರಾಕಿಯ ಗುರುತು ಬರೆಯಲು ಲಾಂಡ್ರಿಯಲ್ಲಿ ಒಂದು ಕಪ್ಪು ಮಸಿ ಇರುತ್ತದೆ. ಎಷ್ಟು ಒಗೆದರೂ ಹೋಗಬಾರದು ಅಂತಲೇ ಮಾಡಿದ ಮಸಿ. ಬಿದ್ದಮ್ಮ ಬೀದಿಯ ಆ ತುದಿಗೆ ಬಟ್ಟೆ ಕೊಡಲು ಹೋಗಿದ್ದಾಗ ಸಾಸಿವೆ ಆ ಬಾಟಲಿಯ ಮುಚ್ಚಳ ತೆಗೆದಳು. ಅಂಗೈ ಅದ್ದಿದಳು. ಇಸ್ತ್ರಿಯಾಗಿ ಮಡಿಸಿಟ್ಟಿದ್ದ ಬಿಳಿಯ ಮೇಲೆ ತನ್ನ ಪುಟ್ಟ ಕೈಯನ್ನು ಮತ್ತೆ ಮತ್ತೆ ಊರಿ, ಎಷ್ಟು ಚಂದ ಬಂತು ಅಂತ ತಾತನಿಗೆ ತೋರಿಸಿದಳು.

ತಿರುವಿನಲ್ಲಿ ಬಿದ್ದಮ್ಮನಿಗೆ ಸದ್ದು ಕೇಳಿಸಿತು. ಗರಗರ ಗರಗರ. ಹಗಲು ಹೊತ್ತು. ಅವರ ಅಂಗಡಿಯ ಶಟರ್ ಇಳಿಯುತ್ತಿತ್ತು.

ಕಾಲು ನಿಂತವು. ಮೊಣಕಾಲ ಕೆಳಗೆ ಜೀವ ಇಲ್ಲ. ಬಾಯಲ್ಲಿ ಸಾಬೂನಿನ ರುಚಿ, ಕೆನ್ನೆಗೆ ತಣ್ಣಗಿನ ನೆಲ, ಕಣ್ಣಿನ ಪಕ್ಕದಲ್ಲೇ ಮೇಜಿನ ತುಕ್ಕು ಹಿಡಿದ ಕಾಲು, ಬೆನ್ನ ಮೇಲೆ ಉಸಿರು ಕಟ್ಟಿಸುವ ಭಾರ. ಎತ್ತರದಿಂದ ನೋಡಿದ್ದಲ್ಲ ಇದು; ನೆಲದಿಂದ ನೋಡಿದ್ದು. ಇದು ಅವಳದ್ದೇ ನೆನಪು. ಕಿವಿಯ ಬಳಿ ಒಂದು ಮೆತ್ತನೆಯ ದನಿ, "ಏನೂ ಆಗಲ್ಲ ಪುಟ್ಟಾ, ಬೇಗ ಮುಗಿಯುತ್ತೆ."

ಅವಳು ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಶಟರ್ ಪೂರ್ತಿ ನೆಲ ಮುಟ್ಟಿರಲಿಲ್ಲ. ಹೊಟ್ಟೆಯ ಮೇಲೆ ತೆವಳಿ ಒಳಗೆ ನುಗ್ಗಿದಳು.

ದೊಡ್ಡಪ್ಪ ನೆಲದ ಮೇಲೆ ಮೊಣಕಾಲೂರಿ ಕೂತಿದ್ದ. ಬಲಗೈಯಲ್ಲಿ ಪೆಟ್ಟಿಗೆ ಹಬೆ ಬಿಡುತ್ತಿತ್ತು. ಎಡಗೈ ಮಗುವಿನತ್ತ ಚಾಚಿತ್ತು. "ಬಾ ಪುಟ್ಟಾ, ಕೈ ತೋರ್ಸು. ತಾತ ಒರೆಸಿ ಕೊಡ್ತೀನಿ." ಸಾಸಿವೆ ಮೂಟೆಗೆ ಒರಗಿ ನಿಂತಿದ್ದಳು. ಒರೆಸುತ್ತಾರೆ ಅಂತ ನಂಬಿ ಕರೀ ಅಂಗೈಯನ್ನು ಮುಂದೆ ಚಾಚಿದ್ದಳು.

ಬಿದ್ದಮ್ಮ ಗೋಡೆಯಿಂದ ವೈರನ್ನು ಕಿತ್ತಳು. ಕಿತ್ತ ವೈರನ್ನೇ ಹಿಡಿದು ಜಗ್ಗಿದಳು. ಪೆಟ್ಟಿಗೆ ಅವನ ಕೈ ಜಾರಿ ನೆಲಕ್ಕೆ ಬಡಿಯಿತು. ಮಗುವನ್ನು ಬಾಚಿ ಎತ್ತಿಕೊಂಡು ಶಟರಿನ ಕೆಳಗಿಂದ ಬಂದ ಹಾಗೇ ಹೊರಗೆ ಬಿದ್ದಳು. ಬೀದಿ ದಾಟಿ ಔಷಧಿ ಅಂಗಡಿಯ ಗಾಜಿನ ಬಾಗಿಲು ತಳ್ಳಿದಳು.

"ಇದೇನೇ ಇದು, ಮತ್ತೆ ಬಿದ್ಯಾ?" ಔಷಧಿ ಅಂಗಡಿಯಾಕೆ ನಕ್ಕಳು. ಮಗುವಿನ ಕಪ್ಪು ಕೈ ನೋಡಿದಳು, ಹುಡುಗಿಯ ತರಚಿದ ಮೊಣಕೈ ನೋಡಿದಳು, ನಗು ಅರ್ಧಕ್ಕೆ ನಿಂತಿತು.

"ನಾನು ಬಿದ್ದಿಲ್ಲ."

"ಸರಿ ಬಿಡು, ಈಗ ಬಿದ್ದಿಲ್ಲ..."

"ಅವತ್ತೂ ಬಿದ್ದಿಲ್ಲ. ಐದು ವರ್ಷದವಳಿದ್ದಾಗ್ಲೂ ಬಿದ್ದಿಲ್ಲ. ದೊಡ್ಡಪ್ಪ ಪೆಟ್ಟಿಗೆ ಇಟ್ರು. ಇವಳಿಗೂ ಇಡೋಕೆ ಹೊರಟಿದ್ರು."

ಅಷ್ಟರಲ್ಲಿ ಸದ್ದು ಕೇಳಿ ತಾರಸಿಯಿಂದ ಇಳಿದ ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುವುದನ್ನೂ ಮರೆತಿದ್ದಳು. ಔಷಧಿ ಅಂಗಡಿಯಾಕೆ ಅವಳ ಕಡೆ ತಿರುಗಿದಳು. "ಏನಮ್ಮಾ ಇದು? ಹೌದಾ ಇದು?"

ಆಸ್ಪತ್ರೆಯಲ್ಲಿ ಕೇಳಿದ್ದ ಅದೇ ಪ್ರಶ್ನೆ. ಅಮ್ಮ ಮಗುವನ್ನು ನೋಡಿದಳು. ಬೀದಿಯ ಆಚೆ ಶಟರ್ ಮೇಲೇಳುತ್ತಿರುವುದನ್ನು ನೋಡಿದಳು. ಈಗ ಅಮ್ಮ ಬಿದ್ದಳು ಅಂದರೆ ಮಗುವನ್ನು ಇಲ್ಲಿಂದ ಕೈಹಿಡಿದು ವಾಪಸು ಕರೆದೊಯ್ಯುತ್ತಾರೆ. ಇಡೀ ಬೀದಿ ದಾರಿ ಬಿಡುತ್ತದೆ.

"ಬಿದ್ಲು ಅಂತ ಹೇಳಿದವಳು ನಾನು" ಅಂದಳು ಅಮ್ಮ. "ಸುಳ್ಳು ಹೇಳ್ದೆ. ಪೆಟ್ಟಿಗೆ ಅವರ ಕೈಯಲ್ಲಿತ್ತು. ಕಣ್ಣಾರೆ ನೋಡ್ದೆ."

ಔಷಧಿ ಅಂಗಡಿಯಾಕೆ ಫೋನನ್ನು ಮೇಜಿನ ಮೇಲಿಂದ ಇತ್ತ ದೂಡಿದಳು. ಬಿದ್ದಮ್ಮ ಅಕ್ಕನ ನಂಬರು ಒತ್ತಿದಳು. ಹೇಗೆ ಶುರು ಮಾಡುವುದು? ನಿನ್ನ ಅಪ್ಪ ನಿನ್ನ ಮಗಳನ್ನು, ಅಂತ ಯಾವ ಬಾಯಿಂದ ಹೇಳುವುದು? ಬಾಯಿಗೆ ಬಂದ ಹಾಗೆ ಹೇಳಿದಳು: ಮಸಿ, ಶಟರ್, ಪೆಟ್ಟಿಗೆ, ತನ್ನ ಭುಜ, ಕಲೆಯ ಅಂಚು. ಅತ್ತ ಕಡೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು, ಅಕ್ಕನ ಉಸಿರು ಮಾತ್ರ ಕೇಳುತ್ತಿರಲಿಲ್ಲ.

"ಅಕ್ಕಾ, ಇದೀಯಾ? ನಂಬ್ತೀಯಾ?"

"ನಂದು ಕುದಿಯೋ ನೀರು." ಅಕ್ಕನ ದನಿ ಬಾವಿಯಿಂದ ಬಂದಂತಿತ್ತು. "ತೊಡೆ ಮೇಲೆ. ಪಾತ್ರೆ ನಾನೇ ಎಳ್ಕೊಂಡೆ ಅಂತ ಹೇಳಿದ್ರು. ಎಳ್ಕೊಂಡಿದ್ದು ನನಗೆ ನೆನಪೂ ಇದೆ. ಆದ್ರೆ ಆ ನೆನಪಲ್ಲಿ ಎಳೆಯೋ ಹುಡುಗಿ ನನಗೆ ದೂರದಲ್ಲಿ ನಿಂತಿರೋ ಹಾಗೆ ಕಾಣ್ತಾಳೆ ಕಣೇ..."

ಪಕ್ಕದಲ್ಲಿ ನಿಂತ ಅಮ್ಮನಿಗೂ ಆ ಮಾತು ಕೇಳಿಸಿತ್ತು; ಅವಳು ಗೋಡೆ ಹಿಡಿದು ಕುಸಿದು ಕೂತಳು.

"ಈಗ್ಲೇ ಹೊರಡ್ತೀನಿ. ನಾನು ಬರೋವರೆಗೂ ಯಾರ ಕೈಗೂ ಕೊಡಬೇಡ ಅವಳನ್ನ" ಅಂದಳು ಅಕ್ಕ. "ಅಪ್ಪ ನಗ್ತಾ ಬರ್ತಾರೆ. ನಗ್ತಾನೇ ಕೇಳ್ತಾರೆ."

ಅವನು ಆಗಲೇ ಬೀದಿ ದಾಟುತ್ತಿದ್ದ. ಸುಟ್ಟ ಬೆರಳನ್ನು ಊದಿಕೊಳ್ಳುತ್ತ, ಎದುರು ಸಿಕ್ಕವರಿಗೆ ತಲೆಯಾಡಿಸುತ್ತ, ಏನೋ ಹೇಳಿ ಒಬ್ಬಿಬ್ಬರನ್ನು ನಗಿಸುತ್ತ ಬಂದ. ಸಾಸಿವೆ ಬಿದ್ದಮ್ಮನ ಕುತ್ತಿಗೆಗೆ ಮುಖ ಒತ್ತಿದಳು. ಅವನ ಕೈ ಬಾಗಿಲ ಹಿಡಿಯ ಮೇಲೆ ಬರುವ ಮೊದಲೇ ಔಷಧಿ ಅಂಗಡಿಯಾಕೆ ಮೇಜು ಬಳಸಿ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಅವನು ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕಿದ, ಬೆರಳಿನಿಂದ ಮೆಲ್ಲಗೆ ತಟ್ಟಿದ.

"ತೆಗೀಮ್ಮಾ. ಮಗು ಹೆದರಿದೆ ಪಾಪ."

ಔಷಧಿ ಅಂಗಡಿಯಾಕೆ ಗಾಜಿಗೆ ಬೆನ್ನು ಕೊಟ್ಟು ನಿಂತು, ಫೋನಿನಲ್ಲಿ ಪೊಲೀಸರ ನಂಬರು ಒತ್ತತೊಡಗಿದಳು.